ಪುರಯೋಜನೆಯಲ್ಲಿ ಪೌರರ ಪಾಲು: ಬೆಂಗಳೂರಿನ ಕೆರೆಗಳನ್ನು ಕುರಿತು ಒಂದು ವಿಚಾರ

೧

ಪುರದಲ್ಲಿ ವಾಸಮಾಡುವವನಿಗೆ ನಮ್ಮ ಭಾಷೆಯಲ್ಲಿ ‘ಪೌರ’ನೆಂದು ಹೆಸರು. ಈ ಶಬ್ದವು ವಾಸವೊಂದನ್ನು ಮಾತ್ರ ಸೂಚಿಸುವುದೋ, ಅಥವಾ ಪುರದ ಆಗುಹೋಗುಗಳಲ್ಲಿ ಆ ವಾಸಿಗಿರುವ ಹಕ್ಕುಬಾಧ್ಯತೆಗಳನ್ನೂ ಒಳಗೊಳ್ಳುವುದೋ ಎಂಬುದು ಈಗ ಬರಿಯ ಶಬ್ದಾರ್ಥದ ಚರ್ಚೆಯಾಗಿ ಉಳಿದಿಲ್ಲ. ನಗರಗಳು ಬೆಳೆದು, ಅವುಗಳ ನೀರು, ಮರ, ಬಯಲು, ಗಾಳಿ ಇವು ಹೇಗಿರಬೇಕೆಂಬುದನ್ನು ನಕ್ಷೆಯ ಮೂಲಕ ಮೊದಲೇ ಗೊತ್ತುಮಾಡುವ ಪದ್ಧತಿಯು ಬಂದಿರುವ ಈ ಕಾಲದಲ್ಲಿ, ಆ ನಕ್ಷೆಯನ್ನು ಬರೆಯುವ ಕೈಗಳಲ್ಲಿ ಪೌರನ ಕೈಯೂ ಒಂದಾಗಿರಬೇಕೆ, ಆಗಿದ್ದರೆ ಯಾವ ಹಂತದಲ್ಲಿ, ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯು ಎದ್ದಿದೆ. ಈ ಪ್ರಶ್ನೆಯನ್ನು ಬೆಂಗಳೂರಿನ ಕೆರೆಗಳ ನಿದರ್ಶನದಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

ವಿಷಯವು ಎಂಜಿನಿಯರುಗಳಿಗೂ ಅಧಿಕಾರಿಗಳಿಗೂ ಸೇರಿದ್ದು, ಸಾಹಿತ್ಯವನ್ನೂ ಶಾಸನಗಳನ್ನೂ ವ್ಯಾಸಂಗ ಮಾಡುವವರಿಗೆ ಇದರಲ್ಲೇನು ಕೆಲಸವೆಂದು ವಾಚಕರಿಗೆ ತೋರಬಹುದು. ಆದರೆ ನಮ್ಮ ನಾಡಿನಲ್ಲಿ ಊರಿನ ನೀರಿನ ವ್ಯವಸ್ಥೆಯು ಊರವರಿಗೆ ಸೇರಿದ ವಿಷಯವೆಂಬುದಕ್ಕೆ ಅತ್ಯಂತ ಹಳೆಯ ಸಾಕ್ಷಿಗಳು ಕಲ್ಲಿನ ಮೇಲೆ, ಕನ್ನಡದಲ್ಲಿಯೇ ಇವೆ. ಕೆರೆಯ ಏರಿಯನ್ನು ಕಟ್ಟಿಸಿದುದು, ತೂಬನ್ನಿಡಿಸಿದುದು, ಒಡೆದ ಕೋಡಿಯನ್ನು ಸರಿಪಡಿಸಿದುದು, ಆ ಕೆಲಸಗಳಿಗಾಗಿ ಭೂಮಿಯನ್ನು ಬಿಟ್ಟುದು ಇವೆಲ್ಲವೂ ಶಾಸನಗಳಲ್ಲಿ ಹೇರಳವಾಗಿ ದೊರೆಯುವ ಸಂಗತಿಗಳು. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಮುಂತಾದ ಮಾತುಗಳು ಕೆರೆಯ ರಕ್ಷಣೆಗೆಂದೇ ಏರ್ಪಟ್ಟ ದತ್ತಿಗಳ ಹೆಸರುಗಳಾಗಿವೆ. ಅರಸನೋ ಸಾಮಂತನೋ ದಾನಿಯಾದಲ್ಲಿಯೂ ಊರ ಮಹಾಜನರು, ನಖರಗಳು, ಒಕ್ಕಲುಗಳು ಆ ವ್ಯವಸ್ಥೆಯ ಪಾಲಕರಾಗಿ, ಇಲ್ಲವೆ ಸಾಕ್ಷಿಗಳಾಗಿ ಅನೇಕ ಕಡೆ ಕಾಣಿಸಿಕೊಳ್ಳುತ್ತಾರೆ. ಆ ಕಾಲದ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಮಾನವಾದ ಮಾತಿದ್ದಿತೆಂದು ಹೇಳುವುದು ಸರಿಯಲ್ಲ. ಹೂಳನ್ನು ಹೊತ್ತವರಿಗೆ ಸಭೆಯಲ್ಲಿ ಪೀಠವಿದ್ದಿತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆದರೂ ಕೆರೆಯ ಹಿತವನ್ನು ಅದರ ನೀರಿನಿಂದ ಬಾಳುವವರ ಕೈಯಲ್ಲಿಟ್ಟಿದ್ದುದೆಂಬ ಅಂಶವು ಮಾತ್ರ ನಿಶ್ಚಯವಾದುದು.

೨

ಈಗ ನಮ್ಮ ಕಾಲದ ಕಾಯಿದೆಯು ಪೌರನಿಗೆ ಯಾವ ಸ್ಥಾನವನ್ನು ಕೊಟ್ಟಿದೆಯೆಂಬುದನ್ನು ನೋಡೋಣ. ನಮ್ಮ ರಾಜ್ಯದ ನಗರಗಳ ಯೋಜನೆಗೆ ಆಧಾರವಾಗಿರುವುದು ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಇದರ ಪ್ರಕಾರ ಯೋಜನಾ ಪ್ರಾಧಿಕಾರವು ನಗರದ ಮಹಾಯೋಜನೆಯನ್ನು ಸಿದ್ಧಪಡಿಸಿ ಸರ್ಕಾರಕ್ಕೆ ಕಳುಹಿಸುತ್ತದೆ. ಅದು ತಾತ್ಕಾಲಿಕ ರೂಪದಲ್ಲಿ ಪ್ರಕಟವಾದ ಮೇಲೆ ಸಾರ್ವಜನಿಕರು ಅರವತ್ತು ದಿನಗಳೊಳಗೆ ತಮ್ಮ ಅಭಿಪ್ರಾಯಗಳನ್ನು ತಿಳಿಸಬಹುದು. ಅವುಗಳನ್ನು ಪರಿಶೀಲಿಸಿದ ಬಳಿಕ ಯೋಜನೆಯು ಸ್ಥಿರವಾಗುತ್ತದೆ. ನಡುವೆ ಯಾವುದಾದರೂ ಭೂಮಿಯ ಉಪಯೋಗವನ್ನು ಬದಲಾಯಿಸಬೇಕಾದರೆ ವೃತ್ತಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳಬೇಕೆಂಬ ವಿಧಿಯೂ ಇದೆ.

ಈ ಕ್ರಮದಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಪೌರನ ಪ್ರವೇಶವು ಯೋಜನೆಯು ಮುಗಿದ ಮೇಲೆ ಆಗುತ್ತದೆ. ನಕ್ಷೆಯು ಸಿದ್ಧವಾಗಿದೆ, ಬಣ್ಣಗಳನ್ನು ಬಳಿದಾಗಿದೆ, ಅಂಕಿಗಳು ಗೊತ್ತಾಗಿವೆ. ಅನಂತರ ಅವನನ್ನು ಕರೆದು ‘ನಿನ್ನ ಆಕ್ಷೇಪಣೆಯೇನು?’ ಎಂದು ಕೇಳಲಾಗುತ್ತದೆ. ಆಕ್ಷೇಪಣೆಯೆಂಬ ಶಬ್ದವೇ ಆ ಸ್ಥಾನವನ್ನು ಸ್ಪಷ್ಟಪಡಿಸುತ್ತದೆ. ಕಟ್ಟುವವನು ಬೇರೆ, ತಡೆಯುವವನು ಬೇರೆ. ಈ ಸ್ಥಾನದಲ್ಲಿ ನಿಂತವನಿಗೆ ‘ಬೇಡ’ ಎನ್ನುವುದು ಸುಲಭ. ‘ಹೀಗಿರಲಿ’ ಎನ್ನುವುದು ಕಷ್ಟ. ೨೦೧೬ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಸಾವಿರಾರು ಜನರು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ ಕಟ್ಟಲುದ್ದೇಶಿಸಿದ್ದ ಉಕ್ಕಿನ ಮೇಲುಸೇತುವೆಯನ್ನು ವಿರೋಧಿಸಿ ಕೈಕೈಹಿಡಿದು ದಾರಿಯುದ್ದಕ್ಕೂ ನಿಂತರು. ಆ ಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳು ಹೋಗಬೇಕಾಗಿದ್ದುವು. ಆ ಚಳವಳಿಯ ಘೋಷವಾಕ್ಯದಲ್ಲಿ ಉಳಿದ ಮಾತುಗಳು ಇಂಗ್ಲಿಷಿನವು, ಒಂದು ಮಾತ್ರ ಕನ್ನಡದ್ದು: ‘ಬೇಡ’. ೨೦೧೭ರ ಮಾರ್ಚಿಯಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಇದು ಪೌರಶಕ್ತಿಯ ಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜನರು ಬೀದಿಗಿಳಿದು ‘ಬೇಡ’ವೆನ್ನಬೇಕಾದ ಸ್ಥಿತಿಯು ಬಂದುದೇ, ಅದಕ್ಕೆ ಮೊದಲು ಅವರ ಮಾತಿಗೆ ಎಡೆಯಿರಲಿಲ್ಲವೆಂಬುದಕ್ಕೆ ಪ್ರಮಾಣವಲ್ಲವೆ?

ರಾಜ್ಯಾಂಗದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಅದರಿಂದ ಸೇರಿದ ಹನ್ನೆರಡನೆಯ ಪರಿಶಿಷ್ಟದಲ್ಲಿ ಪುರಸಭೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳಿವೆ. ನಗರಯೋಜನೆಯೇ ಅವುಗಳಲ್ಲಿ ಮೊದಲನೆಯದು, ಪರಿಸರರಕ್ಷಣೆಯು ಎಂಟನೆಯದು. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯುಳ್ಳ ಪುರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದೂ ಅದು ವಿಧಿಸಿತು. ಆದರೆ ಬೆಂಗಳೂರಿನ ೨೦೦೭ರ ಮಹಾಯೋಜನೆಯನ್ನೂ ೨೦೧೭ರ ಕರಡನ್ನೂ ಸಿದ್ಧಪಡಿಸಿದುದು ಚುನಾಯಿತವಾದ ಪಾಲಿಕೆಯಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು. ಆ ಕರಡನ್ನು ೨೦೨೦ರಲ್ಲಿ ಸರ್ಕಾರವು ಹಿಂತೆಗೆದುಕೊಂಡಿತು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ೧೯೮ ವಾರ್ಡುಗಳಲ್ಲಿ, ೨೦೧೧ರ ಜನಗಣತಿಯಂತೆ, ಒಂದೊಂದರಲ್ಲಿಯೂ ಸರಾಸರಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಜನರಿದ್ದರು. ವಾರ್ಡ್ ಸಮಿತಿಗಳು ನಿಯಮದಂತೆ ಸೇರಬೇಕಾದರೆ ನ್ಯಾಯಾಲಯದ ಒತ್ತಾಯವೂ ಬೇಕಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿಯು ಮುಗಿದ ಮೇಲೆ, ೨೦೨೫ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ವಿಭಾಗವಾಗುವವರೆಗೂ ಮತ್ತೊಂದು ಚುನಾವಣೆಯು ನಡೆಯಲಿಲ್ಲ.

೩

ಪೌರರ ಪಾಲು ಎಂಬ ಮಾತಿನಲ್ಲಿ ಅನೇಕ ಅರ್ಥಗಳು ಅಡಗಿರುವುದರಿಂದ, ಅವುಗಳನ್ನು ಬೇರ್ಪಡಿಸುವ ಒಂದು ಅಳತೆಗೋಲನ್ನು ಇಲ್ಲಿ ಹೇಳುವುದು ಉಪಯುಕ್ತವಾಗುವುದು. ಅಮೆರಿಕದ ಶೆರಿ ಆರ್ನ್‌ಸ್ಟೈನ್ ಎಂಬ ವಿದುಷಿಯು ೧೯೬೯ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಪೌರರ ಪಾಲನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದಳು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಒಲಿಸಿಕೊಳ್ಳುವುದೂ, ಅವರ ಅಸಮಾಧಾನಕ್ಕೆ ಚಿಕಿತ್ಸೆ ಮಾಡುವುದೂ ಉಂಟು, ಪಾಲೆಂಬುದು ಇಲ್ಲ. ನಡುವಿನ ಮೂರರಲ್ಲಿ ವಿಷಯವನ್ನು ತಿಳಿಸುವುದು, ಅಭಿಪ್ರಾಯವನ್ನು ಕೇಳುವುದು, ಒಬ್ಬಿಬ್ಬರನ್ನು ಸಮಿತಿಗೆ ಸೇರಿಸಿಕೊಂಡು ಸಮಾಧಾನಪಡಿಸುವುದು ಇವು ಬರುತ್ತವೆ. ಇವು ಪಾಲಿನ ಚಿಹ್ನೆಗಳು ಮಾತ್ರ. ಮೇಲಿನ ಮೂರರಲ್ಲಿ ಪಾಲುಗಾರಿಕೆ, ಅಧಿಕಾರವನ್ನು ವಹಿಸಿಕೊಡುವುದು, ಪೌರರದೇ ಆಡಳಿತ ಇವು ಕ್ರಮವಾಗಿ ಇವೆ. ಕೇಳಿದ ಮಾತಿಗೆ ನಿರ್ಣಯದಲ್ಲಿ ಬಲವಿದೆಯೆ ಎಂಬುದೇ ಈ ಏಣಿಯ ತಾತ್ಪರ್ಯವು.

ಈ ಅಳತೆಗೋಲಿನಿಂದ ಸ್ಮಾರ್ಟ್ ಸಿಟಿ ಯೋಜನೆಯನ್ನು ಅಳೆದು ನೋಡಬಹುದು. ಭಾರತ ಸರ್ಕಾರವು ೨೦೧೫ರ ಜೂನ್ ೨೫ರಂದು ಆರಂಭಿಸಿದ ಈ ಯೋಜನೆಯಲ್ಲಿ ನೂರು ನಗರಗಳನ್ನು ಸ್ಪರ್ಧೆಯ ಮೂಲಕ ಆರಿಸಲಾಯಿತು. ನಮ್ಮ ರಾಜ್ಯದಿಂದ ೨೦೧೬ರ ಜನವರಿಯಲ್ಲಿ ಬೆಳಗಾವಿ, ದಾವಣಗೆರೆಗಳೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡಗಳೂ, ೨೦೧೭ರ ಜೂನಿನಲ್ಲಿ ಬೆಂಗಳೂರೂ ಆಯ್ಕೆಯಾದುವು. ೨೦೨೫ರ ಮಾರ್ಚ್ ೩೧ಕ್ಕೆ ಯೋಜನೆಯ ಅವಧಿಯು ಮುಕ್ತಾಯವಾಯಿತು. ಪ್ರತಿ ನಗರವೂ ತನ್ನ ಪ್ರಸ್ತಾಪವನ್ನು ರಚಿಸುವಾಗ ಜನರನ್ನು ವಿಚಾರಿಸಬೇಕೆಂಬುದು ಯೋಜನೆಯ ನಿಬಂಧನೆಗಳಲ್ಲಿ ಒಂದಾಗಿದ್ದಿತು. ಅದರಂತೆ ಸಭೆಗಳೂ ಸ್ಪರ್ಧೆಗಳೂ ನಡೆದುವು; ಗಣಕಯಂತ್ರದ ಮೂಲಕವೂ ದೂರವಾಣಿಯ ಮೂಲಕವೂ ಅಭಿಪ್ರಾಯಗಳನ್ನು ಸಂಗ್ರಹಿಸಲಾಯಿತು. ನಗರಯೋಜನೆಯ ವಿಷಯದಲ್ಲಿ ಇಷ್ಟು ವಿಸ್ತಾರವಾಗಿ ಜನರನ್ನು ಕೇಳಿದುದು ಅದಕ್ಕೆ ಮೊದಲು ಅಪೂರ್ವವೆಂಬುದನ್ನು ಒಪ್ಪಬೇಕು.

ಆದರೆ ಕೇಳಿದ ಮೇಲೆ ನಿರ್ಣಯವು ಎಲ್ಲಿಗೆ ಹೋಯಿತು? ಕಾರ್ಯನಿರ್ವಹಣೆಗಾಗಿ ಪ್ರತಿ ನಗರದಲ್ಲಿಯೂ ಕಂಪನಿಗಳ ಕಾಯಿದೆಯ ಪ್ರಕಾರ ಒಂದು ವಿಶೇಷ ಕಂಪನಿಯು ಸ್ಥಾಪಿತವಾಯಿತು. ರಾಜ್ಯಸರ್ಕಾರವೂ ಪುರಸಭೆಯೂ ಸಮಪಾಲಿನಲ್ಲಿ ಅದರ ಒಡೆಯರು. ಕೆಲಸವನ್ನು ಚುರುಕಾಗಿ ನಡೆಸುವುದಕ್ಕೆ ಇದು ಅನುಕೂಲವೆಂಬುದು ಸರ್ಕಾರದ ವಾದವಾಗಿದ್ದಿತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪೌರನು ಮತ ಹಾಕಿ ಆರಿಸಿದ ಸಭೆಯು ಒಂದು ಕಡೆ, ಹಣವೂ ನಿರ್ಣಯವೂ ಇನ್ನೊಂದು ಕಡೆ ಆದುವು. ಆರಂಭದಲ್ಲಿ ಕೇಳಿದ ಅಭಿಪ್ರಾಯಗಳು ಸಂಖ್ಯೆಯಾಗಿ ವರದಿಯಲ್ಲಿ ಸೇರಿದುವು. ಆ ಮೇಲೆ ಬದಲಾವಣೆಗಳಾದಾಗ ಅದೇ ಜನರನ್ನು ಮರಳಿ ಕೇಳಲೇಬೇಕೆಂಬ ಕಟ್ಟುಪಾಡು ಸಡಿಲವಾಗಿಯೇ ಉಳಿಯಿತು. ಏಣಿಯ ನಡುವಿನ ಮೆಟ್ಟಿಲಿಗಿಂತ ಮೇಲಕ್ಕೆ ಪೌರನು ಏರಲಿಲ್ಲವೆಂದೇ ಹೇಳಬೇಕಾಗಿದೆ.

ಇನ್ನೊಂದು ತೊಡಕೂ ಇದ್ದಿತು. ಯೋಜನೆಯ ಬಹುಭಾಗದ ಹಣವು ನಗರದ ಒಂದು ಆಯ್ದ ಪ್ರದೇಶಕ್ಕೆ ಮೀಸಲಾಗಿದ್ದಿತು. ರಸ್ತೆಗೆ, ಮಾರುಕಟ್ಟೆಗೆ, ಉದ್ಯಾನಕ್ಕೆ ಹೀಗೆ ಗೆರೆಯೆಳೆಯಬಹುದು. ನೀರಿಗೆ ಹಾಗೆ ಗೆರೆಯೆಳೆಯಲಾಗದು. ಈ ಮಾತನ್ನು ತಿಳಿಯಬೇಕಾದರೆ ಬೆಂಗಳೂರಿನ ಕೆರೆಗಳ ಏರ್ಪಾಟನ್ನು ಸ್ವಲ್ಪ ವಿವರವಾಗಿ ನೋಡಬೇಕು.

೪

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ದಿಣ್ಣೆಯ ಮೇಲಿನ ಊರು. ನಗರಕ್ಕೆ ನೀರುಕೊಡುವ ಜೀವನದಿಯು ಸಮೀಪದಲ್ಲಿ ಯಾವುದೂ ಇಲ್ಲ. ಬಿದ್ದ ಮಳೆಯು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿಯುತ್ತದೆ: ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆ, ವೃಷಭಾವತಿಯ ಕಣಿವೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಗೂ, ಮೂರನೆಯದರ ನೀರು ಅರ್ಕಾವತಿಯ ಮೂಲಕ ಕಾವೇರಿಗೂ ಸೇರುತ್ತದೆ. ಈ ಇಳಿಜಾರುಗಳಲ್ಲಿ ಹಿಂದಿನವರು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯು ತುಂಬಿದರೆ ಕೋಡಿ ಹರಿದು, ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹೋಗುತ್ತಿದ್ದಿತು. ಏರಿಯ ಕೆಳಗೆ ಅಚ್ಚುಕಟ್ಟು, ಮೇಲ್ಗಡೆ ಗೋಮಾಳ, ಪಕ್ಕದಲ್ಲಿ ಗುಂಡುತೋಪು. ತೂಬನ್ನು ತೆರೆದು ಮುಚ್ಚುವುದಕ್ಕೆ ನೀರುಗಂಟಿ. ಹೂಳನ್ನು ತೆಗೆದು ಹೊಲಗಳಿಗೆ ಹಾಕುವುದು ಬೇಸಗೆಯ ಕೆಲಸ. ಒಂದು ಕೆರೆಯೆಂದರೆ ಒಂದು ಗುಂಡಿಯಲ್ಲ. ಒಂದು ಸರಪಳಿಯ ಕೊಂಡಿ.

ಹೆಸರಘಟ್ಟದಿಂದ ೧೮೯೦ರ ದಶಕದಲ್ಲಿಯೂ, ತಿಪ್ಪಗೊಂಡನಹಳ್ಳಿಯಿಂದ ೧೯೩೦ರ ದಶಕದಲ್ಲಿಯೂ, ಕಾವೇರಿಯಿಂದ ೧೯೭೦ರ ದಶಕದಲ್ಲಿಯೂ ನಗರಕ್ಕೆ ಕೊಳವೆಯ ನೀರು ಬಂದಿತು. ಅದು ಬಂದಂತೆ ಕೆರೆಯೊಡನೆ ಪೌರನಿಗಿದ್ದ ನಿತ್ಯಸಂಬಂಧವು ಸಡಿಲವಾಯಿತು. ಧರ್ಮಾಂಬುಧಿ ಕೆರೆಯಿದ್ದೆಡೆಯಲ್ಲಿ ಬಸ್ಸು ನಿಲ್ದಾಣವು ಬಂದಿತು. ಸಂಪಂಗಿ ಕೆರೆಯ ಅಂಗಳವು ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆಗೆ ಸಂಬಂಧಪಟ್ಟ ಸಣ್ಣ ಕೊಳವೊಂದು ಮಾತ್ರ ಅಲ್ಲಿ ಉಳಿದಿದೆ. ಈ ಒಂದು ಸಂಗತಿಯು ಮನನ ಮಾಡತಕ್ಕದ್ದು. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದುದು ಯಾವ ಭಾಗ? ಯಾವ ಭಾಗಕ್ಕೆ ಜನರ ನಡವಳಿಕೆಯ ಸಂಬಂಧವು ಕಡಿಯಲಿಲ್ಲವೋ ಆ ಭಾಗ. ಸಂಬಂಧವಿದ್ದಲ್ಲಿ ರಕ್ಷಣೆಯುಂಟು, ಸಂಬಂಧವು ಹೋದಲ್ಲಿ ಕೆರೆಯು ಬರಿಯ ಖಾಲಿ ನಿವೇಶನ.

ಉಳಿದ ಕೆರೆಗಳು ಚರಂಡಿಯ ನೀರಿನ ತಂಗುದಾಣಗಳಾದುವು. ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು ದಾರಿಗೆ ಹಾರಿದುದೂ, ಬೆಂಕಿ ಹತ್ತಿದುದೂ ೨೦೧೫ರಿಂದ ೨೦೧೮ರವರೆಗಿನ ಅವಧಿಯಲ್ಲಿ ದೇಶದ ಹೊರಗೂ ಸುದ್ದಿಯಾದುವು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿದಾಗ, ಸರಪಳಿಯ ಕೊಂಡಿಗಳನ್ನು ಕಡಿದುದರ ಫಲವು ಎಲ್ಲರಿಗೂ ಪ್ರತ್ಯಕ್ಷವಾಯಿತು.

೫

ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆಯೊಂದನ್ನು ಕಟ್ಟಿಸಿ ೧೩೬೯ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ವಿದ್ವಾಂಸರಿಗೆ ತಿಳಿದಿರುವುದೇ ಆಗಿದೆ. ಅದರಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಗೆ ಇರಬಾರದ ಆರು ದೋಷಗಳನ್ನೂ ಎಣಿಸಿದೆ. ಏರಿಯಿಂದ ನೀರು ಜಿನುಗುವುದು, ನೆಲವು ಚೌಳಾಗಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಮೆಯಾಗಿ ಭೂಮಿಯು ಹೆಚ್ಚಾಗಿರುವುದು, ಭೂಮಿಯು ಕಡಮೆಯಾಗಿ ನೀರು ಹೆಚ್ಚಾಗಿರುವುದು ಇವು ಐದು. ಇವೆಲ್ಲವೂ ನೆಲಕ್ಕೂ ನೀರಿಗೂ ಸಂಬಂಧಿಸಿದುವು. ಉಳಿದ ಒಂದು ದೋಷವು ಬೇರೆಯ ಬಗೆಯದು: ಕೆರೆಯು ಎರಡು ರಾಜ್ಯಗಳ ಎಲ್ಲೆಯ ಮೇಲಿರಬಾರದು.

ಈ ದೋಷವು ಬೆಂಗಳೂರಿನ ಕೆರೆಗಳಿಗೆ ಪೂರ್ಣವಾಗಿ ತಗಲಿತು. ಅವು ಎರಡು ರಾಜ್ಯಗಳ ನಡುವೆ ಇಲ್ಲದಿದ್ದರೂ ಐದಾರು ಇಲಾಖೆಗಳ ನಡುವೆ ಸಿಕ್ಕಿಬಿದ್ದುವು. ಕೆರೆಯಂಗಳದ ಭೂಮಿಯ ಲೆಕ್ಕವು ಕಂದಾಯ ಇಲಾಖೆಯಲ್ಲಿ. ಏರಿಯ ರಿಪೇರಿಯು ಪಾಲಿಕೆಗೋ ಅಭಿವೃದ್ಧಿ ಪ್ರಾಧಿಕಾರಕ್ಕೋ ಅರಣ್ಯ ಇಲಾಖೆಗೋ ಸೇರಿದುದು. ಒಳಕ್ಕೆ ಬರುವ ಕೊಳಚೆಯು ಜಲಮಂಡಳಿಯ ವಿಷಯ. ನೀರಿನ ಗುಣಪರೀಕ್ಷೆಯು ಮಾಲಿನ್ಯ ನಿಯಂತ್ರಣ ಮಂಡಳಿಯದು. ಮೀನು ಮೀನುಗಾರಿಕೆ ಇಲಾಖೆಯದು. ಕೆರೆಯು ಒಂದು, ಯಜಮಾನರು ಅನೇಕರು. ಹೀಗಿದ್ದಲ್ಲಿ ಎಲ್ಲ ಕಛೇರಿಗಳ ಬಾಗಿಲಿಗೂ ಹೋಗಿ, ಬಿಡಿಬಿಡಿಯಾದ ಈ ಅಂಗಗಳನ್ನು ಮತ್ತೆ ಒಂದು ಶರೀರವಾಗಿ ಕಾಣುವವನು ಯಾವನು? ಆ ಏರಿಯ ಮೇಲೆ ದಿನವೂ ನಡೆಯುವ ಪೌರನೊಬ್ಬನೇ. ಪೌರರ ಪಾಲು ಉದಾರತೆಯಿಂದ ಕೊಡತಕ್ಕ ಮರ್ಯಾದೆಯಲ್ಲ, ಕೆಲಸಕ್ಕೆ ಅವಶ್ಯವಾದ ಸಾಧನವೆಂದು ನಾವು ಹೇಳುವುದಕ್ಕೆ ಇದೇ ಮುಖ್ಯ ಕಾರಣವು.

೬

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಕೆಲವು ನಿದರ್ಶನಗಳಿವೆ. ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡುವ ಕ್ರಮವನ್ನು ಪ್ರಶ್ನಿಸಿ ‘ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್’ ಎಂಬ ಸಂಘವು ೨೦೦೮ರಲ್ಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತದ ಅರ್ಜಿಯನ್ನು ಹಾಕಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಏರ್ಪಟ್ಟು, ಅದರ ವರದಿಯ ಆಧಾರದ ಮೇಲೆ ೨೦೧೨ರಲ್ಲಿ ನ್ಯಾಯಾಲಯವು ತೀರ್ಪು ಕೊಟ್ಟು, ಜಿಲ್ಲೆಗಳಲ್ಲಿ ಕೆರೆಗಳ ರಕ್ಷಣೆಗೆ ಸಮಿತಿಗಳಿರಬೇಕೆಂದು ವಿಧಿಸಿತು. ಇದು ನ್ಯಾಯಾಲಯದ ಮಾರ್ಗ.

ಇನ್ನೊಂದು ಮಾರ್ಗವು ಕೆರೆಯ ದಂಡೆಯದು. ನಗರದ ಆಗ್ನೇಯಕ್ಕೆ ಸರ್ಜಾಪುರ ರಸ್ತೆಯಲ್ಲಿರುವ ಕೈಕೊಂಡನಹಳ್ಳಿ ಕೆರೆಯ ಜೀರ್ಣೋದ್ಧಾರದಲ್ಲಿ ಸುತ್ತಲಿನ ನಿವಾಸಿಗಳೂ ಪರಿಸರಶಾಸ್ತ್ರಜ್ಞರೂ ಪಾಲಿಕೆಯ ಎಂಜಿನಿಯರುಗಳೊಡನೆ ಆರಂಭದಿಂದಲೇ ಕುಳಿತು ಯೋಚಿಸಿದರು. ಆ ಬಳಿಕ ಅವರೇ ಒಂದು ಸಮಿತಿಯಾಗಿ ಕೆರೆಯ ನಿತ್ಯರಕ್ಷಣೆಯಲ್ಲಿ ಕೈಗೂಡಿಸಿದರು. ‘ಕೆರೆ ಹಬ್ಬ’ವೆಂಬ ಹೊಸ ಹಬ್ಬವೇ ಅಲ್ಲಿ ಹುಟ್ಟಿತು. ದಕ್ಷಿಣದಲ್ಲಿ ಪುಟ್ಟೇನಹಳ್ಳಿಯ ಕೆರೆಯ ನಿರ್ವಹಣೆಗಾಗಿ ನಿವಾಸಿಗಳು ಧರ್ಮಸಂಸ್ಥೆಯೊಂದನ್ನು ರಚಿಸಿಕೊಂಡು ೨೦೧೧ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡರು. ಉತ್ತರದಲ್ಲಿ ಜಕ್ಕೂರು ಕೆರೆಯ ವಿಷಯವು ಇನ್ನೂ ಸ್ವಾರಸ್ಯವುಳ್ಳದ್ದು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರು ಕೊಳಚೆಯನ್ನು ಶುದ್ಧಿಮಾಡುವಂತೆ ಜಲಮಂಡಳಿಯು ಸ್ಥಾಪಿಸಿದ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಹೋಗದೆ, ಜೊಂಡು ಬೆಳೆದ ಜೌಗುನೆಲದ ಮೂಲಕ ನಿಧಾನವಾಗಿ ಹಾಯುತ್ತದೆ. ಯಂತ್ರದಲ್ಲಿ ಕಳೆಯದೆ ಉಳಿದ ಸಾರಜನಕ, ರಂಜಕಗಳ ಬಹುಭಾಗವನ್ನು ಆ ಗಿಡಗಳು ಹೀರಿಕೊಳ್ಳುತ್ತವೆ. ಬೆಳೆದ ಜೊಂಡನ್ನು ಕೊಯ್ಯದೆ ಬಿಟ್ಟರೆ ಅದು ಅಲ್ಲಿಯೇ ಕೊಳೆತು, ಹೀರಿದ ಸತ್ವಗಳನ್ನು ನೀರಿಗೆ ಮರಳಿ ಕೊಡುತ್ತದೆ. ಆದುದರಿಂದ ಯಂತ್ರವನ್ನು ಸ್ಥಾಪಿಸಿದರೆ ಸಾಲದು; ಕಾಲಕಾಲಕ್ಕೆ ನೋಡುವ ಕಣ್ಣೂ ಕೊಯ್ಯುವ ಕೈಯೂ ಬೇಕು. ಸ್ಥಳೀಯರ ಸಂಘವು ಅಲ್ಲಿ ವಹಿಸಿರುವ ಪಾತ್ರವು ಈ ಕಾರಣದಿಂದ ಮುಖ್ಯವಾದುದು.

ಈ ಮೂರು ಕಡೆಯೂ ಸಾಮಾನ್ಯವಾಗಿರುವ ಅಂಶವೊಂದಿದೆ. ಜನರನ್ನು ಒಂದು ಸಲ ಕೇಳಿ ಕಳುಹಿಸಲಿಲ್ಲ; ಅವರು ಕೆಲಸದ ಜತೆಗೇ ಉಳಿದರು. ಅಭಿಪ್ರಾಯಕ್ಕೆ ಹೊಣೆಯು ಸೇರಿತು.

ಆದರೆ ದೋಷಗಳನ್ನೂ ಮರೆಮಾಡಬಾರದು. ಕೆರೆಯ ಪೌರರೆಂದರೆ ಯಾರು? ಬೆಳಗ್ಗೆ ತಿರುಗಾಡಲು ಬರುವ ಬಡಾವಣೆಯವರೇ, ಅಥವಾ ದನಗಳಿಗೆ ಹುಲ್ಲು ಕೊಯ್ಯುವವರು, ಬಲೆ ಬೀಸುವವರು, ಬಟ್ಟೆ ಒಗೆಯುವವರೂ ಸೇರಿಯೇ? ಬೆಂಗಳೂರಿನ ಕೆರೆಗಳನ್ನು ಅಭ್ಯಸಿಸಿದ ವಿದ್ವಾಂಸರು ತೋರಿಸಿಕೊಟ್ಟಿರುವಂತೆ, ಜೀರ್ಣೋದ್ಧಾರವಾದ ಅನೇಕ ಕೆರೆಗಳ ಸುತ್ತ ಬೇಲಿಯೂ ಬಾಗಿಲೂ ಬಂದು, ತಲೆಮಾರುಗಳಿಂದ ಆ ಕೆರೆಯನ್ನು ನಂಬಿದ್ದವರು ಹೊರಗುಳಿದರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವನ ಅಭಿಪ್ರಾಯವು ಪೌರರ ಅಭಿಪ್ರಾಯವಾಗಿ, ಬರೆಯಲಾರದವನ ಅನುಭವವು ಅತಿಕ್ರಮಣವೆನಿಸಿಕೊಂಡಿತು. ಹಿಂದಿನ ಸಭೆಗಳಲ್ಲಿ ಹೂಳು ಹೊತ್ತವರಿಗೆ ಪೀಠವಿರಲಿಲ್ಲವೆಂದು ಮೇಲೆ ಹೇಳಿದೆವು. ಅದೇ ತಪ್ಪು ನಮ್ಮ ಕಾಲದಲ್ಲಿಯೂ ಆಗಬಾರದಷ್ಟೆ.

ಎರಡನೆಯ ದೋಷವು, ಈ ಪಾಲುಗಾರಿಕೆಗೆ ಕಾಯಿದೆಯ ಗಟ್ಟಿಯಾದ ತಳಹದಿಯು ಇಲ್ಲದಿದ್ದುದು. ಪಾಲಿಕೆಯು ಖಾಸಗಿ ಕಂಪನಿಗಳೊಡನೆ ಕೆರೆಗಳ ವಿಷಯವಾಗಿ ಒಪ್ಪಂದ ಮಾಡಿಕೊಳ್ಳಬಾರದೆಂದು ೨೦೨೦ರ ಮಾರ್ಚಿಯಲ್ಲಿ ಹೈಕೋರ್ಟು ತಡೆದಾಗ, ಅದರ ನೆರಳು ನಿವಾಸಿಗಳ ಸಂಘಗಳ ಒಪ್ಪಂದಗಳ ಮೇಲೂ ಬಿದ್ದು ಅವುಗಳ ನವೀಕರಣವು ನಿಂತಿತು. ಕೆರೆಯು ಸಾರ್ವಜನಿಕರ ಸ್ವತ್ತು. ಅದು ಕಂಪನಿಯ ಕೈಗೆ ಹೋಗಬಾರದೆಂಬ ಕಾಳಜಿಯು ನ್ಯಾಯವಾದುದು. ಆದರೆ ವ್ಯಾಪಾರದ ಸಂಸ್ಥೆಗೂ ದಂಡೆಯ ಮೇಲಿನ ನಿವಾಸಿಗಳಿಗೂ ಇರುವ ಭೇದವನ್ನು ಕಾಯಿದೆಯೇ ಸ್ಪಷ್ಟಪಡಿಸಿದ್ದರೆ ಇಂಥ ಗೊಂದಲಕ್ಕೆ ಅವಕಾಶವಿರುತ್ತಿರಲಿಲ್ಲ.

೭

ಪೌರನು ಯಾವ ಹಂತದಲ್ಲಿ ಬರಬೇಕೆಂಬುದಕ್ಕೆ ಮತ್ತೊಂದು ಸಂಗತಿಯನ್ನು ಹೇಳುವುದು ಅವಶ್ಯಕ. ೨೦೦೭ರ ಮಹಾಯೋಜನೆಯಲ್ಲಿ ಕೆರೆಯ ಸುತ್ತ ೩೦ ಮೀಟರು, ರಾಜಕಾಲುವೆಗಳ ಪಕ್ಕದಲ್ಲಿ ಅವುಗಳ ದರ್ಜೆಗೆ ತಕ್ಕಂತೆ ೫೦, ೨೫, ೧೫ ಮೀಟರು ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕೆಂದಿದ್ದಿತು. ಇದು ಸಾಲದೆಂದು ೨೦೧೬ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗಳ ಸುತ್ತಣ ಅಂತರವನ್ನು ೭೫ ಮೀಟರಿಗೆ ಏರಿಸಿತು. ೨೦೧೯ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಕಾಯಿದೆಯಂತೆ ರಚಿತವಾದ ಮಹಾಯೋಜನೆಯ ನಿಯಮಗಳನ್ನು ಬದಲಾಯಿಸುವ ಅಧಿಕಾರವು ನ್ಯಾಯಮಂಡಳಿಗೆ ಇಲ್ಲವೆಂಬುದು ಅದರ ಅಭಿಪ್ರಾಯ. ಇದರಿಂದ ತಿಳಿಯುವುದೇನು? ಯೋಜನೆಯ ಪುಸ್ತಕದ ಒಳಪುಟದಲ್ಲಿ ಒಂದು ಸಲ ಸೇರಿದ ಅಂಕಿಯು ಮುಂದೆ ಸುಲಭವಾಗಿ ಅಲುಗುವುದಿಲ್ಲ. ಹಾಗಿದ್ದಲ್ಲಿ, ಆ ಅಂಕಿಯನ್ನು ಬರೆಯುವ ದಿನವೇ ಪೌರನು ಅಲ್ಲಿರಬೇಕು. ಬರೆದಾದ ಮೇಲೆ ಕರೆದರೆ ತಡವಾಯಿತು.

ಈ ತತ್ತ್ವವು ನಮ್ಮ ದೇಶಕ್ಕೆ ಹೊಸದಲ್ಲ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಪಂಡಿತನು ೧೯೧೪ರಲ್ಲಿ ಭಾರತಕ್ಕೆ ಬಂದು, ಅನೇಕ ಊರುಗಳನ್ನು ಕಾಲ್ನಡಿಗೆಯಿಂದ ಸುತ್ತಿ ವರದಿಗಳನ್ನು ಬರೆದನು. ಯೋಜನೆಗೆ ಮೊದಲು ಪರಿಶೋಧನೆ ಎಂಬುದು ಅವನ ಮೂಲಸೂತ್ರವು. ವೈದ್ಯನು ರೋಗವನ್ನು ಅರಿಯದೆ ಮದ್ದು ಕೊಡಬಾರದೆಂಬಂತೆ. ಮಲೇರಿಯದ ಭಯದಿಂದ ಊರ ಕೆರೆಕುಂಟೆಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿ, ಅವುಗಳನ್ನು ಶುಚಿಮಾಡಿ ಉಳಿಸಿಕೊಳ್ಳಬೇಕೆಂದು ಅವನು ವಾದಿಸಿದನು. ಇಂದೋರಿನಲ್ಲಿ ತನ್ನ ವಿಚಾರವನ್ನು ಜನರಿಗೆ ಮುಟ್ಟಿಸಬೇಕಾದಾಗ ಅವನು ನಕ್ಷೆಯನ್ನು ತೂಗುಹಾಕಿ ಸುಮ್ಮನಿರಲಿಲ್ಲ, ದೀಪಾವಳಿಯ
ಮೆರವಣಿಗೆಯನ್ನೇ ನಗರಶುದ್ಧಿಯ ಉತ್ಸವವನ್ನಾಗಿ ಮಾಡಿದನು. ಜನರಿಗೆ ಗೊತ್ತಿರುವ ಭಾಷೆ, ಗೊತ್ತಿರುವ ಹಬ್ಬ, ಗೊತ್ತಿರುವ ಬೀದಿ ಇವುಗಳ ಮೂಲಕವೇ ಯೋಜನೆಯು ಅವರದಾಗುವುದೆಂಬ ರಹಸ್ಯವನ್ನು ಅವನು ಅರಿತಿದ್ದನು.

೮

ಕೊನೆಯದಾಗಿ ಭಾಷೆಯ ವಿಷಯ. ಇದು ನಮ್ಮ ಪತ್ರಿಕೆಯ ವಾಚಕರಿಗೆ ನೇರವಾಗಿ ಸಂಬಂಧಪಟ್ಟುದು. ನಗರಯೋಜನೆಯ ಪರಿಭಾಷೆಯು ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದುದು. ಅದು ಕನ್ನಡಕ್ಕೆ ಬರುವಾಗ ಅಕ್ಷರಗಳು ಮಾತ್ರ ಬದಲಾಗುವುದೂ ಉಂಟು. ಸಂಸ್ಕೃತದ ಕಠಿನ ಸಮಾಸವಾಗಿ ಇನ್ನೂ ದೂರ ಹೋಗುವುದೂ ಉಂಟು. ಓದಲಾಗದುದಕ್ಕೆ ಆಕ್ಷೇಪಣೆಯನ್ನು ಹೇಗೆ ಬರೆಯುವುದು? ಅರವತ್ತು ದಿನಗಳ ಅವಕಾಶವು ಅರ್ಥವಾಗದ ಪುಸ್ತಕಕ್ಕೆ ಅರವತ್ತು ವರ್ಷಗಳಾದರೂ ಸಾಲದು.

ಆದರೆ ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಕೆರೆ, ಕಟ್ಟೆ, ಕುಂಟೆ, ಕಲ್ಯಾಣಿ, ಕೊಳ ಇವು ನಮಗೆ ಬೇರೆ ಬೇರೆ; ಕಟ್ಟಿದ ರೀತಿಯೂ ಬಳಸುವ ರೀತಿಯೂ ಬೇರೆ. ನಕ್ಷೆಯಲ್ಲಿ ಇವೆಲ್ಲಕ್ಕೂ ‘ಜಲಕಾಯ’ವೆಂಬ ಒಂದೇ ಹೆಸರು, ಒಂದೇ ನೀಲಿ ಬಣ್ಣ. ಗುಂಡುತೋಪೂ ಗೋಮಾಳವೂ ‘ತೆರೆದ ಪ್ರದೇಶ’ವೆಂಬ ಮಾತಿನಲ್ಲಿ ಕರಗಿಹೋಗುತ್ತವೆ. ಕೆರೆಯಂಗಳವೆಂಬ ನಮ್ಮ ಮಾತು, ಬೇಸಗೆಯಲ್ಲಿ ಬತ್ತಿದ ನೆಲವೂ ಕೆರೆಯೇ ಎಂದು ಹೇಳುತ್ತದೆ. ಆ ಮಾತನ್ನು ಅರಿಯದ ನಕ್ಷೆಗಾರನ ಕಣ್ಣಿಗೆ ಅದು ಬರಿಯ ಬಯಲು. ಕೋಡಿಯೆಂಬ ಮಾತನ್ನು ಮರೆತಲ್ಲಿ ಕೋಡಿಯ ಜಾಗದಲ್ಲಿ ಮನೆಯೇಳುತ್ತದೆ. ಮೊದಲು ಪದವು ನಕ್ಷೆಯಿಂದ ಜಾರುತ್ತದೆ. ಅನಂತರ ಪದಾರ್ಥವು ನೆಲದಿಂದ ಜಾರುತ್ತದೆ.

ಆದುದರಿಂದ ಈ ಕಾರ್ಯದಲ್ಲಿ ವಿದ್ವಾಂಸರಿಗೂ ಉಪಾಧ್ಯಾಯರಿಗೂ ಪಾಲುಂಟು. ಶಾಸನಗಳಿಂದಲೂ, ಕಂದಾಯದ ಹಳೆಯ ಕಡತಗಳಿಂದಲೂ, ಬಳಕೆಯ ಮಾತಿನಿಂದಲೂ ತಮ್ಮ ತಮ್ಮ ಊರಿನ ಕೆರೆಗಳ ಹೆಸರು, ಎಲ್ಲೆ, ತೂಬು, ಕಾಲುವೆ, ಹಕ್ಕುದಾರರು ಇವುಗಳ ವಿವರವನ್ನು ಸಂಗ್ರಹಿಸುವುದು ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಂದಲೇ ಆಗಬಹುದಾದ ಕೆಲಸ. ಮಹಾಯೋಜನೆಯ ಕರಡು ಪ್ರಕಟವಾದಾಗ ಅದರ ಸಾರವನ್ನು ತಿಳಿಗನ್ನಡದಲ್ಲಿ ಬರೆದು ವಾರ್ಡಿನ ಸಭೆಯಲ್ಲಿ ಓದಿ ಹೇಳುವುದು ಭಾಷಾಸೇವೆಯೂ ಹೌದು, ಪೌರಸೇವೆಯೂ ಹೌದು. ಯೋಜಕನಿಗೆ ಬೇಕಾದ ಪರಿಶೋಧನೆಯೂ, ಪೌರನಿಗೆ ಬೇಕಾದ ತಿಳುವಳಿಕೆಯೂ ಇಲ್ಲಿ ಒಂದೇ ಆಗುತ್ತವೆ.

ಮೇಲೆ ಹೇಳಿದುದನ್ನು ಹೀಗೆ ಸಂಗ್ರಹಿಸಬಹುದು. ಪೌರರ ಪಾಲು ಸಾರ್ಥಕವಾಗಬೇಕಾದರೆ ಮೂರು ಅಂಶಗಳು ಅವಶ್ಯ: ಅದು ಯೋಜನೆಗೆ ಮುಂಚೆ ಬರಬೇಕು, ಜನರ ನುಡಿಯಲ್ಲಿ, ಎಲ್ಲ ಬಗೆಯ ಜನರನ್ನೂ ಒಳಗೊಂಡು ನಡೆಯಬೇಕು, ಅಭಿಪ್ರಾಯದೊಡನೆ ಮುಗಿಯದೆ, ಕಾಯಿದೆಯ ಬೆಂಬಲವುಳ್ಳ ಹೊಣೆಯಾಗಿ ಮುಂದುವರಿಯಬೇಕು. ನಗರದಲ್ಲಿ ಎಷ್ಟು ಯಂತ್ರಗಳಿದ್ದರೂ ಈ ಮೂರು ಇಲ್ಲದಿದ್ದರೆ ಪೌರನು ಅಲ್ಲಿ ವಾಸಿಯಾಗಿರುವನೇ ಹೊರತು ಪೌರನಾಗಿರಲಾರನು. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯನ್ನು ಕಟ್ಟಬಾರದೆಂದು ಪೋರುಮಾಮಿಳ್ಳದ ಶಾಸನವು ಎಚ್ಚರಿಸಿತು. ಆಳುವವರು ಒಂದು ರಾಜ್ಯ, ಬಾಳುವವರು ಇನ್ನೊಂದು ರಾಜ್ಯ ಎಂಬಂತಾದರೆ, ಅವುಗಳ ನಡುವೆ ಸಿಕ್ಕಿದ ಕೆರೆಗೆ ಆ ದೋಷವೇ ತಗಲುವುದೆಂಬುದನ್ನು ನಾವು ಮರೆಯಬಾರದು.